ನಾಲ್ಕನೇ ಆವರ್ತದಲ್ಲಿ ಭೈರೇಶ

ಬೀರೂರಿನಲ್ಲಿ ಮೋಟಾರ್ ಸುಟ್ಟರೆ ಭೈರೇಶನ ಅಂಗಡಿಗೆ ಹೋಗಬೇಕು. ಸುಡದಿದ್ದರೆ ಹೋಗಬಾರದು. ಕೆಲಸವಿಲ್ಲದೆ ಹೋದವರನ್ನು ಅವನು ಸ್ಟೂಲಿನ ಮೇಲೆ ಕೂರಿಸಿ, ಕೈ ಒರೆಸಿಕೊಂಡು, ಗೋಡೆಯ ಮೊಳೆಯಿಂದ ಗಿಟಾರ್ ಇಳಿಸುತ್ತಾನೆ. ಆಮೇಲೆ ಒಂದು ಗಂಟೆ ನಿಮ್ಮದಲ್ಲ. ನಾನು ಕೊಬ್ಬರಿ ಮಂಡಿಯವನು. ಯಗಟಿ ಹತ್ತಿರ ಮೂರೆಕರೆ ತೆಂಗಿನ ತೋಟವಿದೆ. ಅಲ್ಲಿಯ ಬೋರ್‌ವೆಲ್ ಮೋಟಾರು ತಪ್ಪದೆ ವರ್ಷಕ್ಕೊಂದು ಸಲ ಸುಡುತ್ತದೆ. ಸಂಗೀತದಲ್ಲಿ ನನಗೆ ತಿಳಿದದ್ದೆಲ್ಲ ಆ ಮೋಟಾರಿನ ಪುಣ್ಯ.

ಭೈರೇಶನಿಗೆ ಈಗ ನಲವತ್ತೊಂಬತ್ತು. ಸಣಕಲು ಆಸಾಮಿ, ಬೆರಳು ಮಾತ್ರ ಉದ್ದ. ಹುಟ್ಟಿನಿಂದಲೇ ಅಂಜುಬುರುಕ. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು, ಅಷ್ಟಾದ ಮೇಲೂ ಟೆಸ್ಟರ್ ಹಚ್ಚಿ ನೋಡುವ ಜಾತಿ. ಸ್ಟೇಷನ್ನು ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಆದರೂ ರೈಲಿಗೆ ಮುಕ್ಕಾಲು ಗಂಟೆ ಮುಂಚೆ ಹೋಗಿ ನಿಲ್ಲುತ್ತಾನೆ. ಇಂಥವನು ಇಪ್ಪತ್ತೈದು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದ್ದಾನೆ ಅಂದರೆ ನಂಬುವುದು ಕಷ್ಟ. ಹೆದರುತ್ತಾನೆ ಅಂತಲೇ ಬದುಕಿದ್ದಾನೆ ಅಂತ ಅವನ ಹೆಂಡತಿ ಮಾಲಿನಿ ಹೇಳುತ್ತಾಳೆ.

ಗಿಟಾರ್ ಕಲಿಸಿದ್ದು ರೈಲ್ವೆ ಕಾಲೊನಿಯಲ್ಲಿದ್ದ ಒಬ್ಬ ರಿಟೈರ್ಡ್ ಗಾರ್ಡು. ಆತ ತೀರಿಕೊಂಡ ಮೇಲೆ ಭೈರೇಶ ದೇವೀರಪ್ಪನ ಆರ್ಕೆಸ್ಟ್ರಾ ಸೇರಿದ. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಮದುವೆಯ ಆರತಕ್ಷತೆಯಿದ್ದರೂ ದೇವೀರಪ್ಪನ ಕೀಬೋರ್ಡು, ಹೊನ್ನಯ್ಯನ ಡ್ರಮ್ಮು, ಭೈರೇಶನ ಗಿಟಾರು, ಜೊತೆಗೆ ಆ ಹೊತ್ತಿಗೆ ಸಿಕ್ಕ ಯಾರಾದರೊಬ್ಬ ಹಾಡುವವರು. ದೇವೀರಪ್ಪ, ಹೊನ್ನಯ್ಯ ಇಬ್ಬರೂ ಶಿವನಿಯವರು, ಅಲ್ಲಿಯ ಮಠದ ಭಜನೆ ಮೇಳದಲ್ಲಿ ಚಿಕ್ಕಂದಿನಿಂದ ಬೆಳೆದವರು. ಆರ್ಕೆಸ್ಟ್ರಾಕ್ಕೆ ರಿಹರ್ಸಲ್ ಅನ್ನುವುದೇ ಇಲ್ಲ. ಇಪ್ಪತ್ತು ವರ್ಷದಿಂದ ಅವೇ ಹಾಡು, ಮತ್ತೇನು ರಿಹರ್ಸಲ್.

ನಾಲ್ಕು ವರ್ಷದ ಹಿಂದೆ ಭೈರೇಶನಿಗೆ ಫೋನಿನಲ್ಲಿ ಬ್ಲೂಸ್ ಸಿಕ್ಕಿತು. ಅದು ಅಮೆರಿಕದ ಕರಿಯ ಜನರು ದುಡಿಮೆಯ ನಡುವೆ ಕಟ್ಟಿಕೊಂಡ ಸಂಗೀತವಂತೆ. ನಾಲ್ಕು ಎಣಿಕೆಗೊಂದರಂತೆ ಹನ್ನೆರಡು ಆವರ್ತ. ಮೊದಲ ನಾಲ್ಕು ಒಂದು ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ಮೀಟುವ ಒಂದೇ ಸ್ವರಗುಚ್ಛದಲ್ಲಿ, ಐದಕ್ಕೆ ಕಾರ್ಡ್ ಬದಲಾಗಬೇಕು, ಏಳಕ್ಕೆ ವಾಪಸ್ಸು, ಹೀಗೆ ಲೆಕ್ಕ. ಸರ್ಕಾರಿ ಬಸ್ಸಿನ ಹಾಗೆ, ಯಾವ ಸ್ಟಾಪು ಯಾವಾಗ ಅನ್ನುವುದು ಮೊದಲೇ ಗೊತ್ತು. ನಡುವೆ ಕೂತವರು ಏನು ಬೇಕಾದರೂ ಮಾತಾಡಿಕೊಳ್ಳಬಹುದು. ಆ ಮಾತೇ ಸೋಲೊ. ಭೈರೇಶ ಅದನ್ನು ಚೆನ್ನಾಗಿಯೇ ಆಡುತ್ತಿದ್ದ. ಅಂಗಡಿಯಲ್ಲಿ ಫೋನಿನಿಂದ ಡ್ರಮ್ಮು, ಕಾರ್ಡು ಬರುತ್ತಿತ್ತು, ಇವನು ಮೇಲೆ ನುಡಿಸುತ್ತಿದ್ದ. ಕೇಳುತ್ತ ಕೇಳುತ್ತ ನನಗೂ ಐದನೇ ಆವರ್ತ ಬರುವ ಹೊತ್ತಿಗೆ ತಲೆ ತಾನಾಗಿ ಆಡುವಂತಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಹೋದ ವರ್ಷ ಅವನಿಗೆ ಡಿಮಿನಿಶ್ಡ್ ಸ್ಕೇಲ್ ಹಿಡಿಯಿತು.

ಹಿಡಿಯಿತು ಅನ್ನುವುದೇ ಸರಿಯಾದ ಮಾತು. ಅರ್ಧ ಹೆಜ್ಜೆ, ಒಂದು ಹೆಜ್ಜೆ, ಮತ್ತೆ ಅರ್ಧ, ಮತ್ತೆ ಒಂದು. ಹೀಗೆ ಸಮನಾಗಿ ಹೋಗುವ ಎಂಟು ಸ್ವರ. ನಾಲ್ಕನೇ ಆವರ್ತದಲ್ಲಿ ಇದರೊಳಗೆ ನುಗ್ಗಿ, ಕೇಳುವವರಲ್ಲಿ ತಳಮಳ ಎಬ್ಬಿಸಿ, ಐದನೆಯದು ಬಂದ ತಕ್ಷಣ ಹೊಸ ಕಾರ್ಡಿನ ಮೇಲೆ ಇಳಿದುಬಿಡಬೇಕು. ಆಗ ಅದುವರೆಗಿನ ತಳಮಳವೆಲ್ಲ ಉಸಿರು ಬಿಟ್ಟ ಹಾಗೆ ಆಗುತ್ತದೆ. ಕಷ್ಟ ಎಲ್ಲಿ ಅಂದರೆ, ಈ ಸ್ಕೇಲಿಗೆ ತಲೆ ಯಾವುದು ಬಾಲ ಯಾವುದು ಗೊತ್ತಾಗುವುದಿಲ್ಲ. ಗಿಟಾರಿನ ಮೇಲೆ ಮೂರು ಫ್ರೆಟ್, ಅಂದರೆ ಮೂರು ಪಟ್ಟಿ, ಮುಂದೆ ಹೋದರೆ ಬೆರಳಿಗೆ ಅದೇ ಆಕಾರ, ಇನ್ನು ಮೂರು ಹೋದರೂ ಅದೇ.

"ರೈಲ್ವೆ ಕ್ವಾರ್ಟರ್ಸ್ ಇದ್ದಂಗೆ ಸಾವ್ಕಾರ್ರೇ," ಅಂದಿದ್ದ. "ಅದೇ ಬಾಗ್ಲು, ಅದೇ ಬಣ್ಣ, ಅದೇ ಕಿಟಕಿ. ನಂಬರ್ ಅಳಿಸಿಹೋಗಿದ್ರೆ ಯಾರ ಮನೇಗೆ ನುಗ್ತೀವೋ ಗೊತ್ತಾಗಲ್ಲ."

"ಹಂಗಾದ್ರೆ ಯಾಕಪ್ಪಾ ಆ ಬೀದಿಗೆ ಹೋಗ್ತೀಯ?"

"ಹೆದರಿಕೆ ಆಗುತ್ತಲ್ಲ, ಅದಕ್ಕೇ."

ತರೀಕೆರೆಯ ಆರತಕ್ಷತೆ ಕಳೆದ ನವೆಂಬರಿನಲ್ಲಿ. ನಾನೂ ಹೋಗಿದ್ದೆ, ಗಂಡಿನ ಕಡೆಯವರು ನನ್ನ ಮಂಡಿಗೆ ಕೊಬ್ಬರಿ ಹಾಕುವವರು. ವೇದಿಕೆಯ ಮುಂದೆ ಉಡುಗೊರೆ ಹಿಡಿದವರ ಸಾಲು ಬಾಗಿಲವರೆಗೂ ಇತ್ತು. ಹಾಡುವ ಹುಡುಗಿ ಊಟಕ್ಕೆ ಹೋಗಿದ್ದಳು. ಒಂದೈದು ನಿಮಿಷ ಏನಾದರೂ ನುಡಿಸು ಅಂತ ದೇವೀರಪ್ಪ ಭೈರೇಶನಿಗೆ ಹೇಳಿದ. ಭೈರೇಶ ಕಾರ್ಡುಗಳ ಲೆಕ್ಕವನ್ನು ಇಬ್ಬರಿಗೂ ಚೀಟಿಯಲ್ಲಿ ಬರೆದುಕೊಟ್ಟು ಶುರುಮಾಡಿದ. ಮೊದಲ ಸುತ್ತು ಸೊಗಸಾಗಿ ಹೋಯಿತು. ಜನ ಕಾಲು ಕುಣಿಸಿದರು. ಎರಡನೇ ಸುತ್ತಿನ ನಾಲ್ಕನೇ ಆವರ್ತದಲ್ಲಿ ಅವನು ಆ ಬೀದಿಗೆ ನುಗ್ಗಿದ.

ಐದನೆಯದು ಬರಲಿಲ್ಲ.

ನನ್ನ ತಲೆ ಆಡಲು ಸಿದ್ಧವಾಗಿ ಹಾಗೇ ನಿಂತಿತು. ಕಾರ್ಡು ಅದೇ, ಡ್ರಮ್ಮು ಅದೇ, ಗಿಟಾರು ಮಾತ್ರ ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ನಿಮಿಷವಾಯಿತು, ಎರಡಾಯಿತು. ಸಿನಿಮಾದಲ್ಲಿ ಕತ್ತಲ ಕೋಣೆಯ ಬಾಗಿಲು ತೆಗೆಯುವಾಗ ಬರುತ್ತದಲ್ಲ, ಆ ಬಗೆಯ ಸ್ವರ. ಬಾಗಿಲು ತೆಗೆಯುತ್ತಲೇ ಇದೆ, ಒಳಗೆ ಏನಿದೆ ಅಂತ ತೋರಿಸುತ್ತಿಲ್ಲ. ಸಾಲಿನಲ್ಲಿದ್ದವರ ಮಾತು ನಿಂತಿತು. ಹೆಂಗಸೊಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಮದುಮಗ ನಗುವುದನ್ನು ಬಿಟ್ಟು ಅಪ್ಪನ ಮುಖ ನೋಡಿದ. ಯಾರಿಗೋ ಏನೋ ಆಗಿದೆಯಂತೆ ಅಂತ ಹಿಂದೆ ಪಿಸುಮಾತು ಎದ್ದಿತು. ನಾನು ವ್ಯಾಪಾರದವನು, ಸುಲಭಕ್ಕೆ ಬೆದರುವವನಲ್ಲ, ಆದರೂ ಫೋನ್ ತೆಗೆದು ಮನೆಯಿಂದ ಮಿಸ್ಡ್ ಕಾಲ್ ಇದೆಯಾ ಅಂತ ನೋಡಿದೆ.

ಭೈರೇಶನ ಮುಖ ನೋಡಿದೆ. ಬೆವರು ಗಲ್ಲದಿಂದ ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕಣ್ಣು ತಂತಿಯ ಮೇಲಿಲ್ಲ, ಜನರ ಮೇಲಿಲ್ಲ. ಎಲ್ಲಿತ್ತೋ.

ಕೊನೆಗೆ ಗಂಡಿನ ಅಜ್ಜಿ ತಿಪ್ಪಮ್ಮ ಎದ್ದರು. ಎಂಬತ್ತು ದಾಟಿದವರು. ಮೆಲ್ಲಗೆ ಮೆಟ್ಟಿಲು ಹತ್ತಿ ಹೋಗಿ, ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟುಬಿಟ್ಟರು.

"ಸಾಕು ಕಣಪ್ಪ," ಅಂದರು. "ಶುಭಕಾರ್ಯದ ಮನೆ."

ವಿಡಿಯೋದವನು ಆಮೇಲೆ ಲೆಕ್ಕ ಹಾಕಿ ಹೇಳಿದ, ಆ ಒಂದು ಆವರ್ತ ಮೂರು ನಿಮಿಷ ನಲವತ್ತು ಸೆಕೆಂಡು ನಡೆದಿತ್ತು. ಅದರ ಹಕ್ಕು ಎರಡು ಸೆಕೆಂಡೋ ಮೂರು ಸೆಕೆಂಡೋ.

ಊರಿನವರಿಗೆ ಇದು ಒಂದು ವಾರದ ನಗೆ. ನಾನೂ ನಕ್ಕೆ. ಸ್ಟೂಲಿನ ಮೇಲೆ ಕೂತು, "ಏನಪ್ಪಾ, ಕ್ವಾರ್ಟರ್ಸಿಂದ ಯಾವಾಗ ಬಂದೆ?" ಅಂದೆ. ಭೈರೇಶ ನಗಲಿಲ್ಲ. ಗಿಟಾರ್ ಮೊಳೆಯ ಮೇಲಿರಲಿಲ್ಲ. ಚೀಲದೊಳಗೆ ಹಾಕಿ ಕಪಾಟಿನ ಮೇಲೆ ಇಟ್ಟಿದ್ದ.

ಅದಾಗಿ ಹದಿನೈದು ದಿನಕ್ಕೆ ನನ್ನ ಮೋಟಾರು ಸುಟ್ಟಿತು. ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿ ರಿವೈಂಡ್ ಮಾಡಿಕೊಟ್ಟ. ಬೋರಿಗೆ ಇಳಿಸಿ ಸ್ವಿಚ್ ಹಾಕಿದರೆ ಗುಂಯ್ ಅಂತು, ತಿರುಗಲಿಲ್ಲ. ಮತ್ತೆ ಎತ್ತಿಸಿ ತಂದರೆ, ಒಂದು ಕಾಯಿಲಿನ ಎರಡು ತುದಿ ಅದಲುಬದಲಾಗಿ ಸೇರಿತ್ತು. ಹದಿನೆಂಟು ವರ್ಷದಲ್ಲಿ ಅವನಿಂದ ನಾನು ಕಂಡ ಮೊದಲ ತಪ್ಪು. ಬೇರೆಯವರಾಗಿದ್ದರೆ ನಾನು ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಆದರೆ ಭೈರೇಶ ಬಿಚ್ಚಿದ ಮೋಟಾರಿನ ಮುಂದೆ ನೆಲದ ಮೇಲೆ ಕೂತು, ಒಳಗೆ ಸುತ್ತಲೂ ಒಂದೇ ಸಮ ಇರುವ, ಕಾಯಿಲು ಕೂರುವ ಸ್ಲಾಟುಗಳನ್ನು ಬೆರಳಿಂದ ಎಣಿಸುತ್ತಿದ್ದ. ಇಪ್ಪತ್ನಾಲ್ಕು ಇರಬೇಕು. ಎಣಿಸಿ ಮುಗಿಸಿದ. ಮತ್ತೆ ಮೊದಲಿಂದ ಎಣಿಸಿದ.

"ಸಾವ್ಕಾರ್ರೇ, ನಮ್ಮಪ್ಪಂಗೆ ಶುರುವಾದಾಗ ಐವತ್ತೊಂದು," ಅಂದ.

ಅವನ ಅಪ್ಪ ಲಕ್ಕಣ್ಣನ ಸಂಗತಿ ನನಗೆ ಅರ್ಧ ಗೊತ್ತಿತ್ತು. ಯಗಟಿಯಲ್ಲಿ ಎಂಬತ್ತು ಕುರಿ ಮೇಯಿಸಿಕೊಂಡಿದ್ದ ಗಟ್ಟಿ ಆಳು. ಒಂದು ಸಂಜೆ ಕುರಿಗಳು ಮನೆಗೆ ಬಂದವು, ಲಕ್ಕಣ್ಣ ಬರಲಿಲ್ಲ. ಹುಡುಕಿಕೊಂಡು ಹೋದರೆ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಊರಿಗೆ ಇಳಿಯುವ ದಾರಿ ಎರಡು ಕಡೆಯೂ ಒಂದೇ ಥರ ಕಾಣುತ್ತಿತ್ತಂತೆ. ಎಲ್ಲರೂ ನಕ್ಕರು. ಆರು ತಿಂಗಳಿಗೆ ಕುರಿಗಳ ಎಣಿಕೆ ತಪ್ಪಿತು. ಎರಡು ವರ್ಷಕ್ಕೆ, ಸ್ವಂತ ಮನೆಯ ಪಡಸಾಲೆಯಲ್ಲಿ ಕೂತು, ನಡೀರಿ ಮನೆಗೆ ಹೋಗೋಣ ಅನ್ನುತ್ತಿದ್ದ. ಹೆಂಡತಿ ದ್ಯಾಮಮ್ಮನನ್ನು ನೋಡಿ, "ನೀನು ಯಾರ ಮನೆಯವಳಮ್ಮ?" ಅಂತ ಮರ್ಯಾದೆಯಿಂದ ಕೇಳುತ್ತಿದ್ದ.

"ತರೀಕೆರೇಲಿ ನಂಗೆ ಅದೇ ಆಯ್ತು," ಅಂದ ಭೈರೇಶ. "ಬೆರಳು ಓಡ್ತಾ ಇದೆ. ಆದ್ರೆ ಎಲ್ಲಿದೀನಿ ಅಂತ ಗೊತ್ತಾಗ್ತಿಲ್ಲ. ಎಲ್ಲಾ ಬಾಗ್ಲೂ ಒಂದೇ. ಏರಿ ಮೇಲೆ ಅಪ್ಪ ನಡೀತಿದ್ದಿದ್ದು ಕಣ್ಣಿಗೆ ಬಂದ್ಬಿಡ್ತು. ಈಗ ಮೋಟಾರು."

ಆಮೇಲೆ ಅವನ ನಿದ್ದೆ ಹೋಯಿತು. ಊಟ ಹೋಯಿತು. ಅಂಗಡಿಯ ಸಾಮಾನಿನ ಮೇಲೆಲ್ಲ ಹೆಸರು ಬರೆದ ಚೀಟಿ ಅಂಟಿಸಿದ. ಮಾಲಿನಿಗೆ ಗೊತ್ತಿಲ್ಲದಂತೆ ಬೆಳಿಗ್ಗೆ ಎದ್ದು, ನೆಂಟರ ಹೆಸರನ್ನೆಲ್ಲ ಒಬ್ಬೊಬ್ಬರದಾಗಿ ಹೇಳಿಕೊಂಡು ನೋಡುತ್ತಿದ್ದ. ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಒಂದು ಮಧ್ಯಾಹ್ನ ನನ್ನ ಮಂಡಿಗೆ ಬಂದು, ಕೊಬ್ಬರಿ ಚೀಲಗಳ ನಡುವೆ ನಿಂತುಕೊಂಡೇ ಹೇಳಿದಳು.

"ಅಣ್ಣಾ, ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ ಡಾಕ್ಟ್ರಿಗೆ ತೋರಿಸೋಣ ಅಂದ್ರೆ ಬರಲ್ಲ ಅಂತಾರೆ. ಡಾಕ್ಟ್ರು ಬಾಯಿಬಿಟ್ಟು ಹೇಳಿದ್ರೆ ಆಮೇಲೆ ಅದು ನಿಜ ಆಗೋಗುತ್ತೆ ಅಂತಾರೆ. ಮಾವನ್ನ ಏಳು ವರ್ಷ ನೋಡಿದೀನಿ ನಾನು. ಇನ್ನೊಂದ್ಸಲ ಆಗಲ್ಲ ನನ್ನ ಕೈಲಿ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು, ಸಮಾಧಾನ ಹೇಳುವುದು ಬರುತ್ತದೆ. ನೋಡೋಣಮ್ಮ ಅಂದೆ.

ನೋಡಿದ್ದು ಶಿವನಿಯ ಮಠದಲ್ಲಿ. ಸೋಮವಾರ ಸಂಜೆ ಭಜನೆಗೆ ನಾನು ಆಗಾಗ ಹೋಗುತ್ತೇನೆ. ಭಕ್ತಿ ಅರ್ಧ, ಪ್ರಸಾದದ ಪಾಯಸ ಅರ್ಧ. ಅವತ್ತು ಮುಂದಾಳಾಗಿ ಹಾಡುತ್ತಿದ್ದ ಹಿರಿಯರು ಒಂದು ಸಾಲಿಗೆ ಬಂದು ಅಲ್ಲೇ ನಿಂತರು. ಮುಂದಿನ ಸಾಲು ಮರೆತರೋ, ಈ ಸಾಲು ರುಚಿಸಿತೋ, ಅದನ್ನೇ ಹನ್ನೆರಡು ಸಲ ಹೇಳಿದರು. ತಬಲಾ ಹೊನ್ನಯ್ಯನದು. ಅವನ ಕಣ್ಣು ಅವರ ತುಟಿಯ ಮೇಲೆ. ಹಾರ್ಮೋನಿಯಂನ ದೇವೀರಪ್ಪನ ಕಣ್ಣೂ ಅಲ್ಲೇ. ಹನ್ನೆರಡು ಸಲವೂ ಯಾರೂ ಕದಲಲಿಲ್ಲ. ಹಿರಿಯರು ಆ ಸಾಲನ್ನು ಬಿಟ್ಟು ಮುಂದಕ್ಕೆ ಕಾಲಿಟ್ಟ ಮೇಲೆಯೇ ಮೇಳವೆಲ್ಲ ಹಿಂದೆ ಹೆಜ್ಜೆ ಹಾಕಿತು. ಈ ಭಜನೆಯನ್ನು ನಾನು ನಲವತ್ತು ವರ್ಷದಿಂದ ಕೇಳಿದ್ದೇನೆ. ಅವತ್ತು ಮೊದಲ ಸಲ ನೋಡಿದೆ.

ಪಾಯಸದ ಸಾಲಿನಲ್ಲಿ ಹೊನ್ನಯ್ಯನನ್ನು ಹಿಡಿದೆ.

"ತರೀಕೆರೇಲಿ ಐದನೆಯದಕ್ಕೆ ಯಾಕೆ ಹೋಗ್ಲಿಲ್ಲ ನೀವು?"

"ಹೆಂಗ್ ಹೋಗೋದು? ಅವನಿನ್ನೂ ಸಾಲು ಬಿಟ್ಟಿರ್ಲಿಲ್ವಲ್ಲ."

"ಚೀಟೀಲಿ ಬರ್ಕೊಟ್ಟಿದ್ನಲ್ಲಯ್ಯಾ, ನಾಲ್ಕಾದ್ಮೇಲೆ ಬದಲಾಯಿಸಬೇಕು ಅಂತ."

"ಚೀಟಿ ಇರ್ಲಿ ಸಾವ್ಕಾರ್ರೇ. ಮುಂದಾಳು ಒಂದ್ಕಡೆ ಮೈಮರ್ತು ಕೂತಿರುವಾಗ ನಾವು ಎದ್ದು ಹೊರಟೋಗೋದಾ? ದೇವೀರಪ್ಪಣ್ಣನೂ ಸನ್ನೆ ಮಾಡಿದ್ರು, ತಡಿ, ಅವನಿಗೆ ಯಾವ್ದೋ ಆವೇಶ ಬಂದಿದೆ, ನಡುವೆ ಕೈ ಹಾಕಬೇಡ ಅಂತ."

"ಅವನು ನಿಮಗೋಸ್ಕರ ಕಾಯ್ತಿದ್ದ."

ಹೊನ್ನಯ್ಯ ಲೋಟ ಕೆಳಗಿಟ್ಟ. "ಯಾಕೆ? ನಾವು ಅವನಿಗೋಸ್ಕರ ಕಾಯ್ತಿದ್ವಲ್ಲ."

ಅಂಗಡಿಯ ಫೋನಿನೊಳಗಿದ್ದವರು ಯಾರಿಗೂ ಕಾಯುವವರಲ್ಲ. ನಾಲ್ಕಾದ ಮೇಲೆ ಐದು, ನೀನು ಬಾ ಬಿಡು. ಆ ಕಾರ್ಡು ಬದಲಾದ ಸದ್ದು ಕೇಳಿಯೇ ಭೈರೇಶ ಇಳಿಯುತ್ತಿದ್ದ. ತರೀಕೆರೆಯಲ್ಲಿ ಆ ಸದ್ದೇ ಬರಲಿಲ್ಲ. ಇವರು ಮರ್ಯಾದೆಯಿಂದ ಬಾಗಿಲ ಹೊರಗೆ ನಿಂತಿದ್ದರು, ಅವನು ಒಳಗೆ ಬೆವರುತ್ತಿದ್ದ.

ನಾನು ಮಾರನೆಯ ದಿನವೇ ಅಂಗಡಿಗೆ ಹೋಗಿ ಇದನ್ನು ಹೇಳಿದೆ. ಎದ್ದು ಕುಣಿಯುತ್ತಾನೆ ಅಂದುಕೊಂಡಿದ್ದೆ. ಭೈರೇಶ, "ಸರಿ. ಅವರು ಬಾಗ್ಲು ತೆಗೀಲಿಲ್ಲ," ಅಂದ. "ನಾನ್ಯಾಕೆ ನಾನಾಗೇ ಹೊರಗೆ ಬರ್ಲಿಲ್ಲ? ಯಾರಾದ್ರೂ ಕೈ ಹಿಡಿದು ಏರಿ ಇಳಿಸಿದ್ರೆ ಅಪ್ಪನೂ ಮನೇಗೆ ಬರ್ತಿದ್ದ."

ವ್ಯಾಪಾರದಲ್ಲಿ ಉತ್ತರವಿಲ್ಲದಾಗ ಎದುರಿನವನಿಗೆ ಟೀ ತರಿಸುತ್ತೇವೆ. ತರಿಸಿದೆ. ಟೀ ಕುಡಿಯುವಾಗ ಮಾಲಿನಿ ಬಂದಳು. ಅಲ್ಲಿಯೇ ಅವರಿಬ್ಬರ ಒಪ್ಪಂದವಾಯಿತು. ಅಜ್ಜಂಪುರದಲ್ಲಿ ವಿಶ್ವಾರಾಧ್ಯ ಮೇಷ್ಟ್ರ ಬೀಳ್ಕೊಡುಗೆ ಇತ್ತು, ದೇವೀರಪ್ಪನ ಆರ್ಕೆಸ್ಟ್ರಾಕ್ಕೆ ಹೇಳಿದ್ದರು. ಅಲ್ಲಿ ಭೈರೇಶ ಅದೇ ಬ್ಲೂಸ್, ಅದೇ ನಾಲ್ಕನೇ ಆವರ್ತ ನುಡಿಸಬೇಕು. ಕಳೆದುಹೋದರೆ ಮರುಮಾತಿಲ್ಲದೆ ಸೋಮವಾರ ಶಿವಮೊಗ್ಗದ ರೈಲು.

ಈ ಸಲ ರಿಹರ್ಸಲ್ ನಡೆಯಿತು. ಅಂಗಡಿಯಲ್ಲಿ ಹೊನ್ನಯ್ಯ ವಾರ್ನಿಷ್ ಡಬ್ಬಿ ಬೋರಲು ಹಾಕಿ ಬಾರಿಸಿದ. ಅವನ ಏಟು ದಾಟಿದ ಕೂಡಲೇ ದೇವೀರಪ್ಪ ಕೀಬೋರ್ಡಿನಲ್ಲಿ ಕಾರ್ಡು ಬದಲಾಯಿಸುವುದು ಅಂತ ಮಾತಾಯಿತು. ಐದು ಸಲ ನುಡಿಸಿದರು, ಐದು ಸಲವೂ ನಾಲ್ಕನೆಯದಕ್ಕೆ ಬಂದು ಹೊನ್ನಯ್ಯ ನಿಂತ. ಭೈರೇಶನ ಮುಖ ನೋಡುತ್ತ, ಬಾಯಿ ತೆರೆದುಕೊಂಡು ಕೂತಿದ್ದ, ಕೈ ಅಲ್ಲಲ್ಲೇ ಸುತ್ತುತ್ತಿತ್ತು.

"ನಾನು ಸತ್ತೋದೆ ಅನ್ಕೊಂಡು ನಡೆಯೋ," ಅಂದ ಭೈರೇಶ.

"ಸತ್ತೋರನ್ನ ಬಿಟ್ಟು ಹೋಗೋ ಮನೆತನ ನಮ್ದಲ್ಲ ಕಣೋ."

"ಲೇ, ಬದುಕಿದ್ರೇನೇ ಹಿಂದೆ ಬರ್ತೀನಿ, ನಡಿ."

"ಆಗ್ತಿಲ್ಲ ಭೈರೇಶ. ಕೈ ಎತ್ತಿದ್ರೆ ನಿನ್ನ ಮುಖ ದಾಟ್ಕೊಂಡ್ ಹೋದಂಗೆ ಆಗುತ್ತೆ."

ಮುಖವೇ ತೊಂದರೆ ಅನ್ನುವುದು ನನಗೆ ಆಗ ಹೊಳೆಯಿತು. ಗಿರಾಕಿಯ ಮುಖ ನೋಡುತ್ತ ಬೆಲೆ ಹೇಳಲಾರದ ಗುಮಾಸ್ತರನ್ನು ನಾನು ಕಂಡಿದ್ದೇನೆ, ಅವರನ್ನು ಗೋಡೆ ಕಡೆ ತಿರುಗಿಸಿ ಕೂರಿಸುತ್ತೇನೆ. ಹೊನ್ನಯ್ಯನನ್ನು ಹಾಗೇ ತಿರುಗಿಸಿದೆವು. ಭೈರೇಶನಿಗೆ ಬೆನ್ನು, ಕಣ್ಣು ಗೋಡೆಗೆ. ಆರನೇ ಸಲ, ಕಣ್ಣು ಮುಚ್ಚಿ, ತಪ್ಪು ಮಾಡುವವನ ಹಾಗೆ ತಲೆ ತಗ್ಗಿಸಿ, ಐದನೆಯದಕ್ಕೆ ದಾಟಿದ. ದಾಟಿ, ಕೈಮುಗಿದ.

ಆದರೆ ಭೈರೇಶ ಆ ದಿನ ಆ ಬೀದಿಯೊಳಗೆ ಹೋಗಲೇ ಇಲ್ಲ. ನಾಲ್ಕನೆಯದು ಬಂದಾಗಲೆಲ್ಲ ಸುಲಭದ ಸ್ವರಗಳನ್ನೇ ನುಡಿಸಿ ದಾಟಿಕೊಂಡ. ಅವತ್ತು ಹೊಕ್ಕು ಹೊರಬರದಿದ್ದರೆ ಅಜ್ಜಂಪುರಕ್ಕೇ ಹೋಗುವ ಧೈರ್ಯ ಉಳಿಯುವುದಿಲ್ಲ ಅಂತ ಅವನ ಲೆಕ್ಕವಿರಬೇಕು. ನಾನು ಕೇಳಲಿಲ್ಲ.

ಬೀಳ್ಕೊಡುಗೆ ಬೆಳಿಗ್ಗೆ ಹನ್ನೊಂದಕ್ಕೆ. ಸಮುದಾಯ ಭವನದ ತುಂಬ ಮೇಷ್ಟ್ರ ಹಳೆಯ ಶಿಷ್ಯರು. ಭಾಷಣಗಳೆಲ್ಲ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದು ಅರ್ಧ ಸಭೆ ಬಾಗಿಲ ಕಡೆ ತಿರುಗಿತ್ತು. ಮಾಲಿನಿ ನನ್ನ ಪಕ್ಕದ ಕುರ್ಚಿಯಲ್ಲಿ, ಕೈಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ವೇದಿಕೆಯ ಮೇಲೆ ಡ್ರಮ್ಮು ಜನರಿಗೂ ಗಿಟಾರಿಗೂ ಬೆನ್ನು ಹಾಕಿ, ಹಿಂದಿನ ಪರದೆಯನ್ನು ನೋಡುತ್ತಿತ್ತು. ಯಾರೋ ಮುನಿಸಿಕೊಂಡಿದ್ದಾರೆ ಅಂದುಕೊಂಡರು ಜನ.

ಮೊದಲ ಸುತ್ತಿನಲ್ಲಿ ಅವನು ಹೋಗಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾನು ಮೊಣಕಾಲಿನ ಮೇಲೆ ಬೆರಳು ಮಡಚುತ್ತ ಎಣಿಸುತ್ತಿದ್ದೆ. ಮಾಲಿನಿಗೆ ಸಂಗೀತ ಗೊತ್ತಿಲ್ಲ, ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಮೂರನೇ ಸುತ್ತು. ಒಂದು, ಎರಡು, ಮೂರು. ನಾಲ್ಕನೇ ಬೆರಳು ಮಡಚಿದೆ, ಆ ಸ್ವರ ಬಂತು.

ಅಡುಗೆಮನೆ ಕಡೆ ತಿರುಗಿದ್ದ ತಲೆಗಳೆಲ್ಲ ವೇದಿಕೆಗೆ ತಿರುಗಿದವು. ಭೈರೇಶನ ಕೈ ಮೂರು ಫ್ರೆಟ್ ಮೇಲಕ್ಕೆ ಹಾರಿತು, ಮತ್ತೆ ಮೂರು, ಮತ್ತೆ. ಅವನ ಬಾಯಿ ಸ್ವಲ್ಪ ತೆರೆದಿತ್ತು. ತರೀಕೆರೆಯಲ್ಲಿ ಕಂಡ ಅದೇ ಕಣ್ಣು ಬಂತು. ನನ್ನ ಐದನೇ ಬೆರಳು ಮಡಚಲು ಒಪ್ಪಲಿಲ್ಲ. ಹೊನ್ನಯ್ಯನ ಬೆನ್ನು ಬಿಗಿಯಾಯಿತು, ತಲೆ ಇಷ್ಟಿಷ್ಟೇ ಬಲಕ್ಕೆ, ಭೈರೇಶನ ಕಡೆಗೆ ತಿರುಗತೊಡಗಿತು. ತಿರುಗಿದರೆ ಮುಗಿಯಿತು. ಮಾಲಿನಿ ನನ್ನ ಕೈ ಹಿಡಿದಳು. ಅರ್ಧಕ್ಕೆ ಬಂದ ತಲೆ ನಿಂತಿತು, ತಗ್ಗಿತು, ಕೋಲು ಮೇಲಕ್ಕೆ ಎದ್ದಿತು.

ಕಾರ್ಡು ಬದಲಾಯಿತು. ಐದು. ಗಿಟಾರು ಅದರ ಜೊತೆಯಲ್ಲೇ ಇಳಿಯಿತು, ಒಂದು ಉದ್ದದ ಸ್ವರ ಎಳೆದು ಮೇಲಕ್ಕೆ ಜಾರಿಸಿ ನಿಲ್ಲಿಸಿತು. ಸಭೆ ಉಸಿರುಬಿಟ್ಟಿತು, ನನಗೆ ಕೇಳಿಸಿತು. ಯಾರೋ ಹಳೆಯ ಶಿಷ್ಯ ಶಿಳ್ಳೆ ಹಾಕಿದ.

ಊಟಕ್ಕೆ ಮುಂಚೆ ಕೈತೊಳೆಯುವ ನಲ್ಲಿಯ ಹತ್ತಿರ ಭೈರೇಶ ನನ್ನನ್ನು ಹಿಡಿದ. ಅಂಗಿ ಬೆನ್ನಿಗೆ ಅಂಟಿತ್ತು. ನಲ್ಲಿ ತಿರುಗಿಸಲು ಎರಡೂ ಕೈ ಬೇಕಾಯಿತು.

"ಇಳಿದಾಗ ಏನಾದ್ರೂ ತಪ್ಪು ಕೇಳಿಸ್ತಾ ಸಾವ್ಕಾರ್ರೇ?"

"ಇಲ್ಲಪ್ಪಾ. ಒಳ್ಳೆ ಚೆನ್ನಾಗಿ ಇಳಿದೆ."

"ನಿಜ ಹೇಳಿ."

"ನಿಜ. ಕೊನೇಲಿ ಎಳೆದ್ಯಲ್ಲ, ಅದಂತೂ ಬಹಳ ಚೆನ್ನಾಗಿತ್ತು."

"ಅದು ಎಳೆದಿದ್ದಲ್ಲ. ಒಂದು ಫ್ರೆಟ್ ಕೆಳಗೆ ಇಳಿದೆ, ತಪ್ಪು ಜಾಗ. ಇಳಿದ ಕೂಡ್ಲೇ ಗೊತ್ತಾಯ್ತು, ಒಂದೇ ಒಂದು ಕಡಿಮೆ ಅಂತ. ಅದಕ್ಕೆ ಮೇಲಕ್ಕೆ ಜಾರಿಸ್ದೆ."

ಮಾಲಿನಿ ಬಂದು ಅವನ ಹಿಂದೆ ನಿಂತಿದ್ದಳು. ಅವಳ ಮುಖ ಬಿಳುಚಿತು. "ಹಂಗಾದ್ರೆ ತಪ್ಪೋಯ್ತಾ?" ಅಂದಳು. "ಸೋಮವಾರ ಹೋಗ್ಬೇಕಾ?"

ಭೈರೇಶ ಅವಳ ಕಡೆ ತಿರುಗಿದ. ಎರಡು ತಿಂಗಳಲ್ಲಿ ಮೊದಲ ಸಲ ಅವನು ಎದುರಿನವರನ್ನು ನೇರವಾಗಿ ನೋಡಿದ್ದು.

"ಮುನ್ನೂರು ಜನ ಇದ್ರು. ಯಾರಿಗೂ ಗೊತ್ತಾಗ್ಲಿಲ್ಲ ಕಣೇ," ಅಂದ. "ನಂಗೆ ಗೊತ್ತಾಯ್ತು, ಎಲ್ಲಿದೀನಿ ಅಂತ."